ಸದ್ದು ಸರಿಯಿಲ್ಲ ಅನಿಸಿದಾಗ: ವಿದ್ಯಾರ್ಥಿ ಕಿರುಚಿತ್ರಗಳಿಗೆ ದೋಷ ನಿವಾರಣೆ ಕೈಪಿಡಿ

"ಸೌಂಡ್ ಯಾಕೋ ಸರಿ ಬರ್ತಿಲ್ಲ ಸರ್, ಯಾವ ಪ್ಲಗಿನ್ ಹಾಕ್ಲಿ?" ವಿದ್ಯಾರ್ಥಿಗಳ ಕಿರುಚಿತ್ರ, ಸಾಕ್ಷ್ಯಚಿತ್ರಗಳ ಸದ್ದು ತಿದ್ದಲು ಜೊತೆಗೆ ಕೂರುವ ನನಗೆ ಈ ಪ್ರಶ್ನೆ ಕೇಳಿ ಕೇಳಿ ರೂಢಿಯಾಗಿದೆ. ನಾನು ತಿರುಗಿ ಒಂದೇ ಕೇಳುತ್ತೇನೆ: "ಸರಿ ಇಲ್ಲ ಅಂದ್ರೆ, ಏನು ಕೇಳಿಸ್ತಿದೆ?" ಅಲ್ಲಿಗೆ ಮಾತು ನಿಲ್ಲುತ್ತದೆ. ದೋಷ ಏನು ಅಂತ ಕೇಳಿಸಿಕೊಳ್ಳುವ ಮೊದಲೇ ಔಷಧಿ ಹುಡುಕಿಕೊಂಡು ಹೊರಟಿರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೈಕ್ ದೂರ ಇಟ್ಟ ತಪ್ಪಿಗೆ ಈಕ್ವಲೈಸರ್ ತಿರುಗಿಸುತ್ತಾರೆ, ಕಥೆ ಸೊರಗಿದ್ದಕ್ಕೆ ಸಂಗೀತ ಜೋರು ಮಾಡುತ್ತಾರೆ.

ದೋಷ ಹುಟ್ಟುವ ಜಾಗ ನಾಲ್ಕೇ. ಶೂಟಿಂಗ್, ಎಡಿಟಿಂಗ್, ಮಿಕ್ಸಿಂಗ್ (ಎಲ್ಲ ಸದ್ದುಗಳನ್ನು ಹದವಾಗಿ ಬೆರೆಸುವುದು), ಇಲ್ಲವೇ ಕಥೆ. ಯಾವ ಜಾಗ ಅಂತ ಗೊತ್ತಾಗುವವರೆಗೆ ಒಂದು ಗುಂಡಿಯನ್ನೂ ಮುಟ್ಟಬೇಡಿ.

ಮೊದಲು ಮೂರು ಸಲ ಕೇಳಿ

ಮೊದಲ ಸಲ, ಚಿತ್ರ ಮುಚ್ಚಿ ಬರೀ ಸದ್ದು. ಕಣ್ಣು ಮುಚ್ಚಿಕೊಂಡರೆ ಸಾಲದು, ಪರದೆಯನ್ನೇ ಆರಿಸಿ. ಎಲ್ಲಿ ಗೊಂದಲವಾಯಿತು, ಎಲ್ಲಿ ಬೇಜಾರಾಯಿತು, ಎಲ್ಲಿ ಬೆಚ್ಚಿದಿರಿ ಅಂತ ಸಮಯದ ಜೊತೆ ಬರೆದುಕೊಳ್ಳಿ. ಎರಡನೇ ಸಲ, ಸದ್ದು ಮುಚ್ಚಿ ಬರೀ ಚಿತ್ರ. ಈಗ ತಲೆಯೊಳಗೆ ಏನೇನು ಸದ್ದು ಕೇಳಿಸುತ್ತದೋ ಅದನ್ನು ಬರೆಯಿರಿ. ಫ್ರೆಂಚ್ ಚಿಂತಕ ಮಿಶೆಲ್ ಶಿಯೋನ್ ಸಿನಿಮಾ ಸದ್ದಿನ ಪಾಠಕ್ಕೆ ಇದೇ ಮುಚ್ಚಿ ನೋಡುವ ವಿಧಾನ ಬಳಸಿದವರು. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ.

ಮೂರನೇ ಸಲ, ಮಾತಿನ ಟ್ರ್ಯಾಕ್ ಒಂದನ್ನೇ ಸೋಲೋ ಮಾಡಿ ಕೇಳಿ. ಇದು ಜ್ವರ ನೋಡುವ ಥರ್ಮಾಮೀಟರ್. ಒಂಟಿಯಾಗಿದ್ದಾಗಲೂ ಮಾತು ಅರ್ಥವಾಗದಿದ್ದರೆ ತಪ್ಪು ಶೂಟಿಂಗ್ ದಿನದ್ದು. ಒಂಟಿಯಾಗಿ ಚೆನ್ನಾಗಿದ್ದು, ಎಲ್ಲ ಸೇರಿದಾಗ ಮುಳುಗಿದರೆ ಮಿಕ್ಸಿಂಗ್‌ನದ್ದು. ಶಾಟ್ ಬದಲಾದಾಗಲೆಲ್ಲ ಕುಕ್ಕಿದ ಹಾಗಾದರೆ ಎಡಿಟಿಂಗ್‌ನದ್ದು. ಎಲ್ಲ ಸ್ವಚ್ಛವಾಗಿದ್ದೂ ನೋಡುವವರು ಫೋನ್ ತೆಗೆದರೆ ತಪ್ಪು ಕಥೆಯದ್ದು. ಕೊನೆಯದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ನಾನು ಹೆಚ್ಚು ನೋಡುವುದು ಅದನ್ನೇ.

ಮಾತು ಕೇಳಿಸುತ್ತಿಲ್ಲ

ಬಾವಿಯೊಳಗಿಂದ ಮಾತಾಡಿದ ಹಾಗಿದೆಯಾ? ಹಾಗಿದ್ದರೆ ಮೈಕ್ ದೂರ ಇತ್ತು. ಬಯಲಲ್ಲಿ ಮೈಕ್ ಮತ್ತು ಬಾಯಿಯ ನಡುವಿನ ದೂರ ಎರಡು ಪಟ್ಟಾದರೆ ಮಾತು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆಯೊಳಗೆ ಇನ್ನೊಂದು ತೊಂದರೆ. ಬಾಯಿಂದ ನೇರ ಬರುವ ದನಿ ಇಳಿಯುತ್ತದೆ, ಆದರೆ ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಆಮೇಲೆ ನೀವು ವಾಲ್ಯೂಮ್ ಏರಿಸಿದರೆ ಕೋಣೆಯೂ ಜೊತೆಗೇ ಏರುತ್ತದೆ. ಪ್ರತಿಧ್ವನಿ ತೆಗೆಯುವ ಸಾಫ್ಟ್‌ವೇರ್‌ಗಳು ಈಗ ಎಷ್ಟೋ ಸುಧಾರಿಸಿವೆ, ಆದರೆ ಜಾಸ್ತಿ ಒತ್ತಿದರೆ ದನಿಯಲ್ಲಿದ್ದ ಉಸಿರೂ ಹೋಗುತ್ತದೆ. ನಟರು ಸಿಗುವಂತಿದ್ದರೆ ಆ ಸಾಲುಗಳನ್ನು ಮತ್ತೆ ಹೇಳಿಸಿ, ಅದೇ ಕೋಣೆಯಲ್ಲಿ, ಅದೇ ಮೈಕ್‌ನಲ್ಲಿ, ಬಾಯಿಂದ ಒಂದು ಅಡಿ ದೂರದಲ್ಲಿ. ಇನ್ನೂ ಒಳ್ಳೆಯದು, ಪ್ರತಿ ದೃಶ್ಯ ಮುಗಿದ ಕೂಡಲೇ ಕ್ಯಾಮೆರಾ ಆಫ್ ಮಾಡಿ, ಸೆಟ್‌ನಲ್ಲೇ, ಬರೀ ಮಾತನ್ನು ಒಮ್ಮೆ ರೆಕಾರ್ಡ್ ಮಾಡಿಕೊಳ್ಳುವುದು. ಎರಡು ನಿಮಿಷದ ಕೆಲಸ.

ದನಿ ಒಡೆದು ಕರಕರ ಅನ್ನುತ್ತಿದೆಯಾ? ವೇವ್‌ಫಾರ್ಮ್, ಅಂದರೆ ಪರದೆಯಲ್ಲಿ ಕಾಣುವ ಸದ್ದಿನ ಅಲೆ, ದೊಡ್ಡದು ಮಾಡಿ ನೋಡಿ. ಶಿಖರಗಳ ತಲೆ ಕತ್ತರಿಸಿ ಸಮ ಮಾಡಿದ ಹಾಗಿದ್ದರೆ ರೆಕಾರ್ಡಿಂಗ್ 0 ಡೆಸಿಬಲ್ ಗೆರೆಗೆ ಬಡಿದಿದೆ. ಡಿಜಿಟಲ್‌ನಲ್ಲಿ ಅದರ ಮೇಲೆ ಜಾಗವೇ ಇಲ್ಲ. ಡಿಕ್ಲಿಪ್ ಅನ್ನುವ ಉಪಕರಣ ಸ್ವಲ್ಪ ತೇಪೆ ಹಾಕುತ್ತದೆ, ಪವಾಡ ಮಾಡುವುದಿಲ್ಲ. ಮುಂದಿನ ಸಲ 24 ಬಿಟ್‌ನಲ್ಲಿ, ಜೋರು ಮಾತು ಮೈನಸ್ 12 ಡೆಸಿಬಲ್ ಸುತ್ತ ಬರುವ ಹಾಗೆ ಇಡಿ. ಮೀಟರ್‌ನಲ್ಲಿ ಕಮ್ಮಿ ಕಂಡರೆ ಹೆದರಬೇಡಿ, ಆಮೇಲೆ ಏರಿಸಬಹುದು.

ಒಂಟಿಯಾಗಿ ಚೆನ್ನಾಗಿದ್ದ ಮಾತು ಸಂಗೀತದ ಕೆಳಗೆ ಮುಳುಗಿದೆಯಾ? ಇಲ್ಲಿ ಎಲ್ಲರೂ ಸಂಗೀತ ಇಳಿಸುತ್ತಾರೆ, ಆಮೇಲೆ ಸಂಗೀತ ಸತ್ತಿತು ಅಂತ ಮತ್ತೆ ಏರಿಸುತ್ತಾರೆ. ಹಗ್ಗಜಗ್ಗಾಟ. ಕಾರಣ ವಾಲ್ಯೂಮ್ ಅಲ್ಲ, ಜಾಗ. ಮಾತಿನ ಸ್ಪಷ್ಟತೆ ಬಹುಪಾಲು 2,000ದಿಂದ 4,000 ಹರ್ಟ್ಸ್ ಸುತ್ತ ಇರುವ ವ್ಯಂಜನಗಳಿಂದ ಬರುತ್ತದೆ. ಗಿಟಾರ್, ವಯಲಿನ್, ಹಾಡಿನ ಸಾಹಿತ್ಯ ಎಲ್ಲ ಅದೇ ಬೀದಿಯಲ್ಲಿ ಓಡಾಡುತ್ತವೆ. ಸಂಗೀತದಲ್ಲಿ ಆ ಭಾಗವನ್ನು ಎರಡು ಮೂರು ಡೆಸಿಬಲ್ ತಗ್ಗಿಸಿ ನೋಡಿ. ಅದಕ್ಕೂ ಮೊದಲು ಸಂಗೀತವನ್ನೇ ಪಕ್ಕಕ್ಕೆ ತಳ್ಳಿ ನೋಡಿ. ನಾಯಕಿ "ನಾನು ಬರಲ್ಲ" ಅಂದ ಮೇಲೆ ಸಂಗೀತ ಬಂದರೆ ಜಗಳವೇ ಇಲ್ಲ. ಮಾತಿನ ಕೆಳಗೆ ಸಾಹಿತ್ಯವಿರುವ ಹಾಡನ್ನಂತೂ ಹಾಕಲೇಬೇಡಿ. ಎರಡು ಬಾಯಿಯ ಮಾತನ್ನು ಒಟ್ಟಿಗೆ ಹಿಂಬಾಲಿಸಲು ಯಾರಿಗೂ ಆಗುವುದಿಲ್ಲ.

ಇನ್ನೊಂದು ವಿಷಯ. ನಿರ್ದೇಶಕರ ಕಿವಿಯನ್ನು ನಂಬಬೇಡಿ. ಅವರಿಗೆ ಸಂಭಾಷಣೆ ಬಾಯಿಪಾಠ. ಗೊಣಗಿದರೂ ಅವರಿಗೆ ಕೇಳಿಸುತ್ತದೆ. ಸ್ಕ್ರಿಪ್ಟ್ ಓದದ ಒಬ್ಬರನ್ನು ಕೂರಿಸಿ, ಒಮ್ಮೆ ಮಾತ್ರ ಕೇಳಿಸಿ, ಕೇಳಿದ್ದನ್ನು ಹೇಳಲು ಹೇಳಿ.

ಗುಂಯ್ ಸದ್ದು, ಹಿಸ್ಸ್ ಸದ್ದು

ಬೇಗ ಹೇಳಿಬಿಡುತ್ತೇನೆ. ಒಂದೇ ಶ್ರುತಿಯ ಗುಂಯ್ ಸದ್ದು ವಿದ್ಯುತ್‌ನಿಂದ ಬಂದದ್ದು. ದೇಶಕ್ಕೆ ತಕ್ಕಂತೆ 50 ಅಥವಾ 60 ಹರ್ಟ್ಸ್, ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು. ಆ ಕಂಪನಗಳನ್ನಷ್ಟೇ ಕಿರಿದಾಗಿ ಕತ್ತರಿಸಿ. ಗಾಳಿ, ಟ್ರಾಫಿಕ್, ಮೈಕ್ ಹಿಡಿದ ಕೈಯ ಗುಡುಗುಡು ಆದರೆ 80 ಹರ್ಟ್ಸ್ ಕೆಳಗಿನದನ್ನು ಹೈ ಪಾಸ್ ಫಿಲ್ಟರ್‌ನಲ್ಲಿ ಕತ್ತರಿಸಿದರೆ ಬಹಳಷ್ಟು ಹೋಗುತ್ತದೆ. ನಾಯ್ಸ್ ರಿಡಕ್ಷನ್ ಮಿತಿಮೀರಿದರೆ ದನಿ ನೀರಿನಡಿಯಿಂದ ಬಂದ ಹಾಗೆ ಗುಳುಗುಳು ಅನ್ನುತ್ತದೆ. ಅರ್ಧಕ್ಕೆ ನಿಲ್ಲಿಸಿ. ಒಂದೇ ಸಮನೆ ಇರುವ ಸಣ್ಣ ಹಿಸ್ಸ್ ಅನ್ನು ಕಿವಿ ಸ್ವಲ್ಪ ಹೊತ್ತಿನಲ್ಲೇ ಮರೆಯುತ್ತದೆ. ಬಂದು ಹೋಗುವ ಹಿಸ್ಸ್ ಅನ್ನು ಮರೆಯುವುದಿಲ್ಲ.

ಪ್ರತಿ ಕಟ್‌ಗೂ ಕುಕ್ಕುತ್ತದೆ

ಅವನ ಶಾಟ್‌ನಲ್ಲಿ ಫ್ಯಾನ್ ಸದ್ದು ಇದೆ, ಅವಳ ಶಾಟ್‌ನಲ್ಲಿ ಇಲ್ಲ. ಒಂದೇ ಕೋಣೆಯಲ್ಲಿ ಕೂತ ಇಬ್ಬರು ಎರಡು ಊರಲ್ಲಿ ಕೂತ ಹಾಗೆ ಕೇಳಿಸುತ್ತದೆ. ಇದಕ್ಕೆ ಮದ್ದು ರೂಮ್ ಟೋನ್. ಯಾರೂ ಮಾತಾಡದೆ, ಅಲುಗಾಡದೆ, ಎಲ್ಲರೂ ಜಾಗದಲ್ಲೇ ನಿಂತು ರೆಕಾರ್ಡ್ ಮಾಡಿದ ಕೋಣೆಯ ಖಾಲಿ ಸದ್ದು, 30 ಸೆಕೆಂಡಿನಿಂದ ಒಂದು ನಿಮಿಷ. ಅದನ್ನು ಇಡೀ ದೃಶ್ಯದ ಕೆಳಗೆ ಚಾಪೆ ಹಾಸಿದ ಹಾಗೆ ಹಾಸಿ, ಮಾತಿನ ತುಂಡುಗಳ ಅಂಚಿಗೆ ಎರಡು ಮೂರು ಫ್ರೇಮ್ ಕ್ರಾಸ್‌ಫೇಡ್ (ಒಂದು ಸದ್ದು ಇಳಿಯುತ್ತಾ ಇನ್ನೊಂದು ಏರುವುದು) ಕೊಡಿ. ಕಟ್ ಜಾಗದಲ್ಲಿ ಟಪ್ ಅಂತ ಚಿಟಿಕೆ ಹೊಡೆದ ಸದ್ದು ಬಂದರೆ, ಅಲೆಯ ನಡುಮಧ್ಯೆ ಕತ್ತರಿ ಬಿದ್ದಿದೆ ಅಂತ ಅರ್ಥ. ಅದಕ್ಕೂ ಅದೇ ಸಣ್ಣ ಫೇಡ್ ಸಾಕು.

ರೂಮ್ ಟೋನ್ ರೆಕಾರ್ಡ್ ಮಾಡಿಲ್ಲವಾ? (ಮಾಡಿರುವುದಿಲ್ಲ. ನನಗೆ ಗೊತ್ತು.) "ಆಕ್ಷನ್" ಅಂದ ಮೇಲೆ ಮೊದಲ ಮಾತು ಬರುವ ಮುಂಚೆ ಒಂದೆರಡು ಸೆಕೆಂಡ್ ಖಾಲಿ ಇರುತ್ತದೆ. ಎಲ್ಲ ಟೇಕ್‌ಗಳಿಂದ ಅವನ್ನು ಹೆಕ್ಕಿ ಪೋಣಿಸಿ. ಒಂದೇ ತುಂಡನ್ನು ಲೂಪ್ ಮಾಡಿದರೆ ಸಿಕ್ಕಿಬೀಳುತ್ತೀರಿ. ಅದರಲ್ಲಿ ಒಂದು ಹಕ್ಕಿ ಚಿಂವ್ ಅಂದಿದ್ದರೆ, ಪ್ರತಿ ನಾಲ್ಕು ಸೆಕೆಂಡಿಗೂ ಅದೇ ಹಕ್ಕಿ ಹಾಜರಿ ಹಾಕುತ್ತದೆ.

ತುಟಿಗೂ ಮಾತಿಗೂ ಹೊಂದುತ್ತಿಲ್ಲ

ಆರಂಭದಲ್ಲಿ ಎಷ್ಟು ತಪ್ಪಿದೆಯೋ ಕೊನೆಯಲ್ಲೂ ಅಷ್ಟೇ ತಪ್ಪಿದೆಯಾ, ಇಲ್ಲ ಬರಬರುತ್ತಾ ಜಾಸ್ತಿಯಾಗಿದೆಯಾ? ಮೊದಲನೆಯದಾದರೆ ಕ್ಲಿಪ್ ಜರುಗಿಸಿದರೆ ಮುಗಿಯಿತು. ಪ್ರತಿ ಟೇಕ್ ಶುರುವಿನಲ್ಲಿ ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೆದಿದ್ದರೆ ಇದು ಅರ್ಧ ನಿಮಿಷದ ಕೆಲಸ.

ಬರಬರುತ್ತಾ ಜಾರುತ್ತಿದ್ದರೆ ಮೂರು ಅನುಮಾನ. ಫೋನ್‌ನಲ್ಲಿ ಶೂಟ್ ಮಾಡಿದ್ದರೆ ಅದು ಫ್ರೇಮ್ ದರವನ್ನು (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದನ್ನು) ತನಗೆ ಬೇಕಾದ ಹಾಗೆ ಏರಿಳಿಸಿರಬಹುದು. ಎಡಿಟ್‌ಗೆ ಮುಂಚೆ ಸ್ಥಿರ ದರಕ್ಕೆ ಪರಿವರ್ತಿಸಿ. ಎರಡನೆಯದು ಸ್ಯಾಂಪಲ್ ದರ, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದಿದೆ ಅನ್ನುವುದು. 44.1 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಆದದ್ದನ್ನು ಸಾಫ್ಟ್‌ವೇರ್ 48 ಅಂತ ತಿಳಿದಿರಬಹುದು. ಆಗ 10 ನಿಮಿಷದ ಮಾತು ಸುಮಾರು 9 ನಿಮಿಷ 11 ಸೆಕೆಂಡಿಗೇ ಮುಗಿಯುತ್ತದೆ, ದನಿ ಸುಮಾರು ಒಂದೂವರೆ ಅರ್ಧಸ್ವರದಷ್ಟು (ಸೆಮಿಟೋನ್) ಕೀಚಲಾಗುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ಮೂರನೆಯದು ಸೂಕ್ಷ್ಮ. ಎರಡು ಯಂತ್ರಗಳ ಗಡಿಯಾರ ಒಂದೇ ಥರ ಓಡುವುದಿಲ್ಲ. ಉದ್ದ ಸಂದರ್ಶನಗಳಲ್ಲಿ ಕೊನೆಗೆ ಒಂದೆರಡು ಫ್ರೇಮ್ ಜಾರುತ್ತದೆ. ಮಾತಿನ ಬಿಡುವಿನಲ್ಲಿ ಕತ್ತರಿಸಿ ಮತ್ತೆ ಕೂಡಿಸಿ.

ಅನುಮಾನ ಇದ್ದರೆ ಸದ್ದನ್ನು ಒಂದು ಫ್ರೇಮ್ ತಡವಾಗಿಯೇ ಬಿಡಿ, ಮುಂಚೆ ಬೇಡ. ಪ್ರಸಾರಕ್ಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟ ಲೆಕ್ಕದ ಪ್ರಕಾರ, ಸದ್ದು ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದರೇ ಜನ ಗುರುತಿಸುತ್ತಾರೆ, ತಡವಾದರೆ 125ರವರೆಗೂ ಗಮನಕ್ಕೆ ಬರುವುದಿಲ್ಲ. ದೂರದಲ್ಲಿ ಸೌದೆ ಒಡೆಯುವವರನ್ನು ನೋಡಿ. ಕೊಡಲಿ ಬಿದ್ದ ಮೇಲೆ ಸದ್ದು. ನಮ್ಮ ಕಣ್ಣು ಕಿವಿ ಅದಕ್ಕೇ ಪಳಗಿವೆ.

ಎಲ್ಲ ಸರಿ ಇದೆ, ಆದರೂ ಏನೂ ಅನಿಸುತ್ತಿಲ್ಲ

ಈಗ ನಿಜವಾದ ರೋಗಕ್ಕೆ ಬರೋಣ. ಇದು ತಾಂತ್ರಿಕ ದೋಷದ ವೇಷ ಹಾಕಿಕೊಂಡೇ ಬರುತ್ತದೆ. "ಮಿಕ್ಸ್‌ನಲ್ಲಿ ಪಂಚ್ ಇಲ್ಲ", "ಆಂಬಿಯನ್ಸ್ ಯಾಕೋ ಫ್ಲ್ಯಾಟ್" ಅನ್ನುತ್ತಾರೆ.

ಒಮ್ಮೆ ಒಬ್ಬ ಹುಡುಗಿ ಆರು ನಿಮಿಷದ ಚಿತ್ರ ತಂದಿದ್ದಳು. ಅಮ್ಮ ತೀರಿಕೊಂಡ ಮೇಲೆ ಮಗಳು ಮೊದಲ ಸಲ ಅಡುಗೆಮನೆಗೆ ಬರುತ್ತಾಳೆ. ಡಬ್ಬಿಯ ಮೇಲೆ ಅಮ್ಮನ ಕೈಬರಹದ ಚೀಟಿ ಕಾಣಿಸುತ್ತದೆ, ಓದುತ್ತಾಳೆ. ಅಷ್ಟೇ. ಸದ್ದಿನ ಟ್ರ್ಯಾಕ್‌ಗಳು 14. ಗಡಿಯಾರದ ಟಿಕ್ ಟಿಕ್, ನಲ್ಲಿಯಿಂದ ತೊಟ್ಟಿಕ್ಕುವ ನೀರು, ದೂರದ ನಾಯಿ, ಗಾಳಿ, ಚೀಟಿ ಮುಟ್ಟಿದ ಕೂಡಲೇ ಪಿಯಾನೋ. ಓದುವಾಗ ಎಲ್ಲ ನಿಂತು ಮೌನ. ಆ ಮೌನ ಬಂದಾಗ ನೋಡಲು ಕೂತಿದ್ದ ಗೆಳೆಯ ಹೆಡ್‌ಫೋನ್ ತೆಗೆದು ವೈರ್ ಅಲ್ಲಾಡಿಸಿದ! ಕೆಟ್ಟುಹೋಯಿತು ಅಂದುಕೊಂಡ.

ಎರಡು ದೋಷ ಒಟ್ಟಿಗೆ. ಒಂದು ಸಣ್ಣದು: ಅವಳ ಮೌನ ಡಿಜಿಟಲ್ ಸೊನ್ನೆ. ಟ್ರ್ಯಾಕ್‌ನಲ್ಲಿ ಏನೂ ಇರಲಿಲ್ಲ. ಭೂಮಿಯ ಮೇಲೆ ಅಂಥ ಮೌನ ಎಲ್ಲೂ ಇಲ್ಲ, ಹಾಗಾಗಿ ಕಿವಿ ಅದನ್ನು ಯಂತ್ರದ ತಪ್ಪು ಅಂದುಕೊಳ್ಳುತ್ತದೆ. ಕೆಳಗೆ ರೂಮ್ ಟೋನ್ ಬಿಟ್ಟರೆ ಅದು ಮೌನ ಆಗುತ್ತದೆ. ಎರಡನೆಯದು ದೊಡ್ಡದು. ನಾನು ಕೇಳಿದೆ: "ಇದನ್ನೆಲ್ಲ ಯಾರು ಕೇಳಿಸ್ಕೊತಿದಾರೆ?" ಅವಳು ಸ್ವಲ್ಪ ಯೋಚಿಸಿ "ಪ್ರೇಕ್ಷಕರು" ಅಂದಳು. ಅದೇ ಸಮಸ್ಯೆ. ಗಡಿಯಾರ, ನಲ್ಲಿ, ನಾಯಿ ಯಾವುದೂ ಆ ಮಗಳಿಗೆ ಕೇಳಿಸುತ್ತಿರಲಿಲ್ಲ. ದುಃಖದ ದೃಶ್ಯ ಅಂದರೆ ಹಾಕಬೇಕು ಅಂತ ಎಲ್ಲೋ ಕಲಿತಿದ್ದು.

"ಶೂಟಿಂಗ್ ದಿನ ಆ ಅಡುಗೆಮನೇಲಿ ಏನು ಕೇಳಿಸ್ತಿತ್ತು?"

"ಫ್ರಿಜ್ ಗೊರ್ ಅಂತಿತ್ತು. ಆಫ್ ಮಾಡಿದ್ವಿ."

ಆಫ್ ಮಾಡಿದ್ದು ಸರಿಯೇ. ಮಾತಿನ ಕೆಳಗೆ ಫ್ರಿಜ್ ಇದ್ದರೆ ಎಡಿಟ್ ಮಾಡಲು ಆಗುವುದಿಲ್ಲ. (ಆಫ್ ಮಾಡುವಾಗ ಗಾಡಿ ಕೀಲಿಯನ್ನು ಫ್ರಿಜ್ ಒಳಗೇ ಇಡಿ. ಮತ್ತೆ ಆನ್ ಮಾಡದೆ ಮನೆಗೆ ಹೋಗಲು ಆಗುವುದಿಲ್ಲ.) ಆದರೆ ಅದನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಂಡು ಬಾ ಅಂದೆ. ಮೋಟಾರ್ ನಿಲ್ಲುವಾಗ ಬರುವ ಆ ಗಡಗಡ ನಡುಕವನ್ನೂ ಸೇರಿಸಿ.

ಗಡಿಯಾರ, ನಲ್ಲಿ, ನಾಯಿ, ಪಿಯಾನೋ ಹೋದವು. ಮಗಳು ಒಳಗೆ ಬಂದಾಗಿನಿಂದ ಫ್ರಿಜ್ ಗೊರ್ ಅನ್ನುತ್ತಿರುತ್ತದೆ. ಯಾರೂ ಗಮನಿಸುವುದಿಲ್ಲ. ಚೀಟಿ ಓದಿ ಮುಗಿಸುವಾಗ ಮೋಟಾರ್ ಗಡಗಡ ನಡುಗಿ ನಿಲ್ಲುತ್ತದೆ. ಆಗ ಅಡುಗೆಮನೆ ಎಷ್ಟು ಖಾಲಿ ಅಂತ ಗೊತ್ತಾಗುತ್ತದೆ. ಅದೇ ಗೆಳೆಯ ಮತ್ತೆ ನೋಡಿದ. ಈ ಸಲ ವೈರ್ ಮುಟ್ಟಲಿಲ್ಲ.

ಇಲ್ಲಿ ನಡೆದದ್ದು ಮಾಯೆಯಲ್ಲ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಕೊಂಡು ಅದನ್ನು ಬಿಟ್ಟುಬಿಡುತ್ತದೆ. ಅದು ನಿಂತ ಕ್ಷಣ ಮಾತ್ರ ಎಚ್ಚರವಾಗುತ್ತದೆ. ಮೌನ ಬೇಕಾದರೆ ಅದಕ್ಕೂ ಮುಂಚೆ, ಕನಿಷ್ಠ ಅರ್ಧ ನಿಮಿಷ, ನಿಲ್ಲಿಸಲು ಒಂದು ಸದ್ದು ಇಟ್ಟಿರಬೇಕು.

ಈ ರೋಗದ ಬೇರೆ ಲಕ್ಷಣಗಳೂ ಇವೆ. ಪರದೆಯ ಮೇಲೆ ಕಂಡದ್ದಕ್ಕೆಲ್ಲ ಸದ್ದು ಇದ್ದರೆ, ಲೋಟ, ಬಟ್ಟೆ, ಕುರ್ಚಿ, ಬಳೆ, ಎಲ್ಲಕ್ಕೂ, ಆಗ ಯಾವುದಕ್ಕೂ ಬೆಲೆ ಇರುವುದಿಲ್ಲ. ಆ ಕ್ಷಣದಲ್ಲಿ ಪಾತ್ರದ ಕಿವಿ ಎಲ್ಲಿದೆ ಅಂತ ನೋಡಿ, ಅದಷ್ಟನ್ನೇ ಉಳಿಸಿ. ಪರೀಕ್ಷೆ ಬರೆಯುವವನಿಗೆ ಮೇಲ್ವಿಚಾರಕರ ಹೆಜ್ಜೆ ಕೇಳಿಸುತ್ತದೆ, ತನ್ನ ಪೆನ್ನು ಕೇಳಿಸುವುದಿಲ್ಲ. ಉತ್ತರ ಮರೆತವನಿಗೆ ಪಕ್ಕದವನ ಪೆನ್ನು ಕೇಳಿಸುತ್ತದೆ.

ಅಳುವ ಮುಖಕ್ಕೆ ಅಳುವ ಸಂಗೀತ ಇದ್ದರೆ ಸಂಗೀತದ ಟ್ರ್ಯಾಕ್ ಮ್ಯೂಟ್ ಮಾಡಿ ದೃಶ್ಯ ನೋಡಿ. ಆಗಲೂ ದುಃಖ ತಲುಪಿದರೆ ಸಂಗೀತ ಬೇಡವಾಗಿತ್ತು. ತಲುಪದಿದ್ದರೆ ತಪ್ಪು ಸಂಗೀತದಲ್ಲಿಲ್ಲ, ದೃಶ್ಯದಲ್ಲಿದೆ.

ಜಗತ್ತು ನಾಲ್ಕು ಗೋಡೆಯೊಳಗೇ ಮುಗಿದ ಹಾಗೆ ಕಾಣುತ್ತಿದ್ದರೆ ಚೌಕಟ್ಟಿನ ಹೊರಗಿನ ಸದ್ದು ಇಲ್ಲ ಅಂತ. ಇದು ವಿದ್ಯಾರ್ಥಿಗಳಿಗೆ ಸಿಗುವ ಅತಿ ಅಗ್ಗದ ಸೆಟ್. ಮಹಡಿ ಮೇಲೆ ಯಾರೋ ಕುರ್ಚಿ ಎಳೆದರೆ ಸಾಕು, ಕಟ್ಟಡಕ್ಕೆ ಇನ್ನೊಂದು ಅಂತಸ್ತು ಬಂತು. ಮುಂದಿನ ದೃಶ್ಯದ ಸದ್ದನ್ನು ಒಂದೆರಡು ಸೆಕೆಂಡ್ ಮುಂಚೆಯೇ ಎಳೆದು ತಂದರೆ ಕಟ್ ಕೂಡ ಮೆತ್ತಗಾಗುತ್ತದೆ.

ಪಕ್ಕದ ಕೋಣೆಯ ರೇಡಿಯೋ ನಂಬುವ ಹಾಗಿಲ್ಲವಾ? ವಾಲ್ಯೂಮ್ ಇಳಿಸಿದ ಮಾತ್ರಕ್ಕೆ ಸದ್ದು ದೂರ ಹೋಗುವುದಿಲ್ಲ. ಗೋಡೆ ತೀಕ್ಷ್ಣ ಸದ್ದನ್ನು ನುಂಗುತ್ತದೆ, ಪ್ರತಿಧ್ವನಿ ಸೇರಿಸುತ್ತದೆ. ಫಿಲ್ಟರ್‌ಗಳ ಜೊತೆ ಗುದ್ದಾಡುವ ಬದಲು ಆ ಕ್ಲಿಪ್ಪನ್ನು ನಿಜವಾಗಿಯೂ ಪಕ್ಕದ ಕೋಣೆಯಲ್ಲಿ ಫೋನ್‌ನಿಂದ ಹಾಕಿ, ಬಾಗಿಲು ಅರ್ಧ ಮುಚ್ಚಿ, ಈಚೆ ಮೈಕ್ ಇಟ್ಟು ರೆಕಾರ್ಡ್ ಮಾಡಿ. ಸೌಂಡ್ ಡಿಸೈನರ್ ವಾಲ್ಟರ್ ಮರ್ಚ್ ಇದನ್ನು ವರ್ಲ್ಡೈಸಿಂಗ್ ಅಂತ ಕರೆದರು. ಖರ್ಚು ಸೊನ್ನೆ.

ಇನ್ನು ನಿಜವಾದ ಸದ್ದೇ ಸುಳ್ಳು ಅನಿಸುವುದುಂಟು. ಹಿಮದ ಮೇಲಿನ ಹೆಜ್ಜೆಗೆ ಫೋಲಿ ಕಲಾವಿದರು (ಚಿತ್ರ ನೋಡಿಕೊಂಡು ಬೇರೆ ವಸ್ತುಗಳಿಂದ ಸದ್ದು ಮಾಡುವವರು) ಚೀಲದಲ್ಲಿ ಜೋಳದ ಪಿಷ್ಟ ತುಂಬಿ ಹಿಸುಕುತ್ತಾರೆ, ಮೂಳೆ ಮುರಿಯುವ ಸದ್ದಿಗೆ ಸೆಲರಿ ದಂಟು ಮುರಿಯುತ್ತಾರೆ. ಸದ್ದು ಎಲ್ಲಿಂದ ಬಂತು ಅನ್ನುವುದು ಮುಖ್ಯವಲ್ಲ, ಚಿತ್ರದ ಪಕ್ಕ ಇಟ್ಟಾಗ ನಂಬಿಕೆ ಬರುತ್ತದಾ ನೋಡಿ.

ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿತ್ತು, ಹಾಲ್‌ನಲ್ಲಿ ಕೆಟ್ಟಿತು

ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರ್‌ಗಳಲ್ಲಿ ತಗ್ಗಿನ ಸದ್ದು (ಬೇಸ್) ಬರುವುದೇ ಇಲ್ಲ ಅನ್ನಬಹುದು. ಕೇಳಿಸದ ಗುಡುಗನ್ನು ನೀವು ಏರಿಸುತ್ತಾ ಹೋಗಿರುತ್ತೀರಿ, ಹಾಲ್‌ನಲ್ಲಿ ಕುರ್ಚಿ ನಡುಗುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್‌ನಲ್ಲಿ ಒಮ್ಮೆ, ಫೋನ್‌ನಲ್ಲಿ ಒಮ್ಮೆ ಕೇಳಿ. ಕೇಳುವ ಮಟ್ಟ ಬದಲಾದರೂ ಸಮತೋಲನ ಬದಲಾಗುತ್ತದೆ. ಮೆಲ್ಲಗೆ ಕೇಳುವಾಗ ಕಿವಿಗೆ ತಗ್ಗಿನ ಸದ್ದು ಕಮ್ಮಿ ಮುಟ್ಟುತ್ತದೆ ಅಂತ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಕೆಲಸ ಶುರುವಾದಾಗ ವಾಲ್ಯೂಮ್ ಒಂದು ಕಡೆ ಇಟ್ಟು, ಮುಗಿಯುವವರೆಗೆ ಅಲ್ಲಾಡಿಸಬೇಡಿ.

ಮಾತು ಎಡ ಕಿವಿಯಲ್ಲಿ ಮಾತ್ರ ಬಂದರೆ ಮೋನೋ (ಒಂದೇ ವಾಹಿನಿಯ) ಮೈಕ್ ಸ್ಟೀರಿಯೋ (ಎಡ, ಬಲ ಎರಡು ವಾಹಿನಿಯ) ಟ್ರ್ಯಾಕ್‌ನ ಒಂದೇ ಕಡೆ ಕೂತಿದೆ. ಮೋನೋದಲ್ಲಿ ಕೇಳಿದಾಗ ಮಾತು ತೆಳ್ಳಗಾದರೆ ಅಥವಾ ಮಾಯವಾದರೆ, ಎರಡು ಮೈಕ್‌ಗಳ ಅಲೆಗಳು ಒಂದನ್ನೊಂದು ಕೊಲ್ಲುತ್ತಿವೆ. ಒಂದನ್ನು ತೆಗೆದುಬಿಡಿ. ಎರಡನ್ನೂ ಉಳಿಸುವ ಆಸೆ ಬೇಡ.

ಒಟ್ಟು ಜೋರು ಎಷ್ಟಿರಬೇಕು? ಅಂತರ್ಜಾಲಕ್ಕೆ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಒಟ್ಟು ಜೋರನ್ನು ಅಳೆಯುವ ಮಾನ), ಯುರೋಪಿನ ಟಿವಿ ಪ್ರಸಾರದ ನಿಯಮದಲ್ಲಿ ಮೈನಸ್ 23. ಶಿಖರಗಳು ಮೈನಸ್ 1 ಡೆಸಿಬಲ್ ದಾಟದಿರಲಿ.

ನಾಳೆ ಸಬ್ಮಿಷನ್, ಇವತ್ತು ಒಂದೇ ರಾತ್ರಿ

ಮಾತು ಮೊದಲು. ಅರ್ಥವಾಗದ ಸಾಲುಗಳನ್ನು ಬೇರೆ ಟೇಕ್‌ನಿಂದ ತಂದು ಕೂಡಿಸಿ. ಸಿಗದಿದ್ದರೆ ಸಬ್‌ಟೈಟಲ್ ಹಾಕಿ, ನಾಚಿಕೆ ಏನಿಲ್ಲ. ಆಮೇಲೆ ರೂಮ್ ಟೋನ್ ಹಾಸಿ. ಆಮೇಲೆ ಸಂಗೀತದ ಪ್ರತಿ ತುಂಡನ್ನೂ ಒಮ್ಮೆ ಮ್ಯೂಟ್ ಮಾಡಿ ನೋಡಿ, ಅದಿಲ್ಲದೆಯೂ ದೃಶ್ಯ ಗಟ್ಟಿಯಾಗಿ ನಿಲ್ಲುವಂತಿದ್ದರೆ ಆ ಸಂಗೀತ ಅಳಿಸಿ. ಹೊಸ ಪ್ಲಗಿನ್ ಕಲಿಯಲು ಇದು ರಾತ್ರಿಯಲ್ಲ. ಕೊನೆಗೆ ಎಕ್ಸ್‌ಪೋರ್ಟ್ ಆದ ಫೈಲನ್ನೇ, ಟೈಮ್‌ಲೈನನ್ನು ಅಲ್ಲ, ಪರದೆ ಆರಿಸಿ ಆರಂಭದಿಂದ ಕೇಳಿ. ಆ ಹುಡುಗಿ ಕೊನೆಯ ರಾತ್ರಿ ಸೇರಿಸಿದ್ದು ಒಂದೇ ಟ್ರ್ಯಾಕ್, ಅಳಿಸಿದ್ದು 11.